ಹಳೇ ಹಾಸು, ಹೊಸ ಲೆಕ್ಕ

ಶಾಮಲಾಗೆ ಸದ್ದಿಲ್ಲದ ಕಡೆ ಲೆಕ್ಕ ಬರುವುದಿಲ್ಲ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಪಿಎಚ್‌ಡಿಗೆ ಸೇರಿದ ಹೊಸತರಲ್ಲಿ ಬೆಂಗಳೂರಿನ ಒಂದು ದೊಡ್ಡ ಗ್ರಂಥಾಲಯದಲ್ಲಿ ಕೂತು ಓದುತ್ತೇನೆಂದು ಬೆಳಿಗ್ಗೆ ಬಸ್ಸು ಹತ್ತಿದವಳು ಊಟದ ಹೊತ್ತಿಗೆಲ್ಲ ಸ್ಟಾಫ್ ರೂಮಿನಲ್ಲಿ ನನ್ನ ಎದುರು ಕೂತಿದ್ದಳು.

"ಯಾಕೇ, ಬಾಗ್ಲು ಹಾಕಿತ್ತಾ?" ಎಂದೆ.

"ತೆಗ್ದೇ ಇತ್ತು ಕಣೇ. ಅಲ್ಲಿ ಒಂದು ಸೊಳ್ಳೆ ಕೂಡ ಗುಂಯ್ ಅನ್ನಲ್ಲ. ಸಾವಿನ ಮನೇಲಿ ಕೂತಂಗಾಯ್ತು, ಎದ್ದು ಬಂದ್ಬಿಟ್ಟೆ."

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಹುಟ್ಟಿದವಳು ಅವಳು. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದು ಪವರ್‌ಲೂಮಿನ ಸದ್ದು. ಮದುವೆಯಾಗಿದ್ದೂ ಅದೇ ಬೀದಿಯ ಮಗ್ಗದ ಮನೆಗೆ. ಗಂಡ ರವಿಚಂದ್ರ ಸೀರೆ ನೇಯಿಸುತ್ತಾನೆ. ಮುಂದಿನ ಭಾಗದಲ್ಲಿ ಸಂಸಾರ, ಹಿಂದಿನ ಶೆಡ್ಡಿನಲ್ಲಿ ಮಗ್ಗಗಳು. ಆ ಮನೆಗೆ ಮೊದಲ ಸಲ ಹೋದಾಗ ನನಗೆ ಕೊಟ್ಟ ಕಾಫಿಗೆ ಸಕ್ಕರೆ ಬೇಕು ಎಂದು ಹೇಳಲು ಎದ್ದು ಅಡುಗೆಮನೆಗೇ ಹೋಗಬೇಕಾಯಿತು. ಅವರಿಗೆ ಮಾತ್ರ ಏನೂ ಅನ್ನಿಸುವುದಿಲ್ಲ. ಕರೆಂಟು ಹೋಗಿ ಮಗ್ಗ ನಿಂತಾಗಲೇ ಮನೆಮಂದಿಯೆಲ್ಲ ಬೆಚ್ಚಿ ಬೀಳುವುದು.

ನಾವಿಬ್ಬರೂ ಒಂದೇ ಡಿಗ್ರಿ ಕಾಲೇಜಿನ ಅಧ್ಯಾಪಕಿಯರು. ನಾನು ಬೂದಿಗೆರೆಯಿಂದ ಎರಡು ಬಸ್ಸು ಬದಲಾಯಿಸಿ ಬಂದು ಕನ್ನಡ ಹೇಳುತ್ತೇನೆ, ಅವಳು ಗಣಿತ ಹೇಳುತ್ತಾಳೆ. ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ನನ್ನ ತರಗತಿಯಲ್ಲಿ ಹಳಗನ್ನಡದ ಪದ್ಯದ ನಡುವೆ ಹುಡುಗರ ತಲೆಯೆಲ್ಲ ಒಟ್ಟಿಗೆ ಕಿಟಕಿಯ ಕಡೆ ತಿರುಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಶಾಮಲಾಗೆ ವಿಮಾನ ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ. ಗಣಿತಕ್ಕೂ ನನಗೂ ಎಣ್ಣೆ ಸೀಗೇಕಾಯಿ ಸಂಬಂಧ. ಎಸ್ಸೆಸ್ಸೆಲ್ಸಿಯಲ್ಲಿ ಅದು ನನ್ನನ್ನು ಪಾಸು ಮಾಡಿ ಬಿಟ್ಟಿದ್ದೇ ದೊಡ್ಡದು ಎಂದುಕೊಂಡು ಆ ಮೇಲೆ ಅದರ ಕಡೆ ತಿರುಗಿ ನೋಡಿದವಳಲ್ಲ. ಆದರೂ ಶಾಮಲಾ ಏನು ಮಾಡುತ್ತಿದ್ದಾಳೆಂದು ನನಗೆ ಗೊತ್ತು, ಯಾಕೆಂದರೆ ಅವಳು ಬಿಡಿಸಿ ಹೇಳುವುದನ್ನು ಬಿಡುವವಳಲ್ಲ. ಒಂದು ಸಲ ಮೊಸರನ್ನ ತಿನ್ನುತ್ತಾ ಹೇಳಿದಳು.

"ನಮ್ಮ ತಾಲ್ಲೂಕಿನ ಭೂಮಿ ಒಳಗಿರೋ ನೀರು ಈ ತಿಂಗಳು ಎಲ್ಲೆಲ್ಲಿ ಎಷ್ಟು ಆಳದಲ್ಲಿದೆ ಅಂತ ಗೊತ್ತಾಗ್ಬೇಕು. ತಾಲ್ಲೂಕಿನ ನಕ್ಷೆನ ಚೌಕುಳಿ ಸೀರೆ ಥರ ಸಣ್ಣ ಸಣ್ಣ ಚೌಕ ಮಾಡ್ಕೋ. ಒಂದು ಚೌಕದ ನೀರು ಪಕ್ಕದ ಚೌಕಗಳ ನೀರನ್ನ ನೆಚ್ಕೊಂಡಿರುತ್ತೆ. ಅದಕ್ಕೊಂದು ಸಮೀಕರಣ. ಹಂಗೆ ಲಕ್ಷಾಂತರ ಸಮೀಕರಣ. ಎಲ್ಲಾನೂ ಒಟ್ಟಿಗೆ ಬಿಡಿಸ್ಬೇಕು, ಒಂದನ್ನ ಮುಟ್ಟಿದ್ರೆ ಇನ್ನೊಂದು ಅಲ್ಲಾಡುತ್ತೆ."

"ಅಷ್ಟನ್ನ ಯಾರೇ ಬಿಡಿಸ್ತಾರೆ?"

"ಕಂಪ್ಯೂಟರ್ರು. ಅದೂ ನೇರವಾಗಿ ಬಿಡಿಸಲ್ಲ. ಮೊದ್ಲು ಒಂದು ಅಂದಾಜು ಮಾಡುತ್ತೆ, ಎಷ್ಟು ತಪ್ಪಾಯ್ತು ನೋಡುತ್ತೆ, ತಿದ್ದುತ್ತೆ, ಮತ್ತೆ ನೋಡುತ್ತೆ. ಸಮೀಕರಣಗಳು ಒರಟಾಗಿದ್ರೆ ಈ ತಿದ್ದೋದು ಮುಗಿಯೋದೇ ಇಲ್ಲ. ಅದಕ್ಕೆ ಬಿಡಿಸೋಕೆ ಮುಂಚೆ ಅವನ್ನ ಸ್ವಲ್ಪ ಪಳಗಿಸ್ಬೇಕು. ಪ್ರೀಕಂಡಿಷನಿಂಗ್ ಅಂತಾರೆ."

"ಬಿತ್ತೋಕೆ ಮುಂಚೆ ನೆಲ ಹದ ಮಾಡಲ್ವೇನೇ? ಹದ ಅನ್ನು" ಎಂದೆ. ಕನ್ನಡದವಳಾಗಿ ನನ್ನ ಕೈಲಾದ ಸೇವೆ ಅದು. ಅವಳು ಅನ್ನದ ಕೈಯಲ್ಲೇ ಮೇಜಿಗೊಂದು ಏಟು ಹಾಕಿದಳು. "ಹದ! ಅದೇ ಕಣೇ!" ಅಂದಿನಿಂದ ಅವಳಿಗೂ ನನಗೂ ಅದು ಹದವೇ.

ಅವಳ ತೊಂದರೆ ಇದ್ದದ್ದು ಈ ಹದದಲ್ಲೇ. ತಿಂಗಳು ಬದಲಾದರೆ ಸಮೀಕರಣಗಳೂ ಅಷ್ಟಿಷ್ಟು ಬದಲಾಗುತ್ತವೆ. ಎಲ್ಲರೂ ಮಾಡುವ ಹಾಗೆ ಪ್ರತಿ ತಿಂಗಳಿಗೂ ಹೊಸದಾಗಿ ಹದ ಮಾಡಿದರೆ, ಬಿಡಿಸುವ ಹೊತ್ತಿಗಿಂತ ಹದ ಮಾಡುವ ಹೊತ್ತೇ ಜಾಸ್ತಿ. ಶಾಮಲಾ ಮಾಡಿದ್ದು ಮಗ್ಗದ ಮನೆಯವರು ಮಾಡುವ ಕೆಲಸ. ಮಗ್ಗದಲ್ಲಿ ಉದ್ದಕ್ಕೆ ಹಾಯ್ದಿರುವ ದಾರಗಳಿಗೆ ಹಾಸು ಅನ್ನುತ್ತಾರೆ. ಒಂದು ಹಾಸು ನೇಯ್ದು ಮುಗಿಯಿತೆಂದು ಅದನ್ನು ಪೂರ್ತಿ ಕಿತ್ತು ಹಾಕುವುದಿಲ್ಲ. ತುದಿಯನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಗೆ ಬೂದಿ ಮುಟ್ಟಿಸಿ ಹೊಸೆದು ಸೇರಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಕೆಚ್ಚಿ ಎಳೆದರೆ ಹಳೆಯ ಎಳೆಯ ಹಿಂದೆಯೇ ಹೊಸ ಎಳೆ ತನ್ನ ಜಾಗಕ್ಕೆ ತಾನೇ ಬಂದು ಕೂರುತ್ತದೆ. ಶಾಮಲಾಳ ತಾಯಿ ಮುನಿರತ್ನಮ್ಮ ಆ ಬೀದಿಗೆಲ್ಲ ಹೆಸರಾದ ಕೆಚ್ಚುವಾಕೆ. ಎರಡು ಮನೆ ಆಚೆ ಇದ್ದರೂ ಹಗಲೆಲ್ಲ ಮಗಳ ಮನೆಯಲ್ಲೇ ಇರುತ್ತಾರೆ. ಮಗಳು ಹಿಂದಿನ ತಿಂಗಳ ಹದವನ್ನು ಬಿಸಾಡದೆ ಈ ತಿಂಗಳ ಲೆಕ್ಕವನ್ನು ಅದಕ್ಕೆ ಕೆಚ್ಚಿದಳು. ತಿದ್ದುವುದು ನಾಲ್ಕು ಸಲ ಜಾಸ್ತಿಯಾದರೂ ಹದ ಮಾಡುವ ಹೊತ್ತು ಪೂರಾ ಉಳಿಯಿತು.

ಇನ್ನೊಂದು ಕಿತಾಪತಿಯನ್ನೂ ಮಾಡಿದಳು. ಕಂಪ್ಯೂಟರ್ ಒಂದು ಸಲ ತಿದ್ದಿದರೆ ಒಂದು 'ಟಿಕ್' ಅನ್ನುವಂತೆ ಬರೆದಳು. ಕಾಲೇಜಿನ ಲ್ಯಾಬಿನ ಮೌನದಲ್ಲಿ ಅವಳಿಗೆ ಕೈ ಓಡುತ್ತಿರಲಿಲ್ಲವಂತೆ. ಹೊರಗೆ ಹಾದುಹೋಗುವವರು ಗೋಡೆ ಗಡಿಯಾರಕ್ಕೆ ಹುಚ್ಚು ಹಿಡಿದಿದೆ ಎಂದುಕೊಂಡರು.

ಇಷ್ಟೆಲ್ಲ ಮಾಡಿದರೂ ಪದವಿ ಮಾತ್ರ ಕೈಗೆ ಸಿಗಲಿಲ್ಲ. ನೌಕರಿ, ಮನೆ, ಚುನಾವಣಾ ಡ್ಯೂಟಿ, ಪೇಪರ್ ತಿದ್ದುವುದು, ಇವುಗಳ ನಡುವೆ ವರ್ಷಗಳು ಹೋದವು. ಹೆಸರು ನೋಂದಾಯಿಸಿದ ಅವಧಿ ಮುಗಿಯಿತು, ಕಾಡಿಬೇಡಿ ಮುಂದುವರಿಸಿಕೊಂಡದ್ದೂ ಮುಗಿಯುತ್ತಾ ಬಂತು. ಬೀದಿಯಲ್ಲಿ ಎಲ್ಲರೂ "ಲೆಕ್ಕ ಮುಗೀತೇನಮ್ಮಾ?" ಎಂದು ಕೇಳುವವರೇ. ಮುನಿರತ್ನಮ್ಮನವರಂತೂ ನನ್ನೆದುರಿಗೇ ರೇಗಿದ್ದರು.

"ಸೀರೆ ನೇಯ್ದ್ರೆ ಉಡೋಕಾದ್ರೂ ಆಗುತ್ತೆ. ಇವಳದ್ದು ಅದೇನು ಲೆಕ್ಕನೋ, ದಿನಾ ಮಾಡೋದು, ದಿನಾ ಅಳಿಸೋದು. ನೀನಾದ್ರೂ ಹೇಳಮ್ಮಾ ಬುದ್ಧಿ."

"ಮನೇಲೂ ಟಿಕ್ ಟಿಕ್ ಅಂತಿರುತ್ತಲ್ಲಾ, ನಿಮಗೆ ತಲೆನೋವು ಬರಲ್ವಾ?" ಎಂದು ಕೇಳಿದೆ. ಮನೆಯ ಮುಂದಿನ ಕೋಣೆಯಲ್ಲೂ ಅವಳದೊಂದು ಹಳೆಯ ಕಂಪ್ಯೂಟರ್ ಇತ್ತು.

"ಅಯ್ಯೋ, ಮಗ್ಗದ ಸದ್ದಲ್ಲಿ ಅದ್ಯಾರಿಗೆ ಕೇಳ್ಸುತ್ತೆ! ನಾನಂತೂ ಅದರ ಕಡೆ ಕಿವೀನೇ ಕೊಡಲ್ಲ" ಎಂದರು ಮುನಿರತ್ನಮ್ಮ.

ಅವತ್ತೇ ನಾನು ಆ ಮನೆಯವರ ಕಿವಿಯ ಮಹಿಮೆಯನ್ನು ಕಂಡದ್ದು. ಊಟಕ್ಕೆ ಕೂತಿದ್ದೆವು. ಶಾಮಲಾ ಮುದ್ದೆ ಮುರಿಯುತ್ತಾ ಯಾವುದೋ ಮಾತಾಡುತ್ತಿದ್ದವಳು ನಡುವೆ ನಿಲ್ಲಿಸಿ, "ರೀ, ಗೋಡೆ ಕಡೇ ಮಗ್ಗ ಸರಿ ಇಲ್ಲ" ಎಂದಳು. ನನಗೆ ಕೇಳಿಸುತ್ತಿದ್ದದ್ದು ಒಂದೇ ದೊಡ್ಡ ಗದ್ದಲ. ರವಿಚಂದ್ರ ಕೈ ತೊಳೆದು ಹೋದ, ಬಂದ. "ಎಳೆ ಕಿತ್ಕೊಂಡು ಕಿತ್ಕೊಂಡು ನಿಲ್ತಾ ಇದೆ. ಬೇರೆ ನಮೂನೆ ಹಾಸನ್ನ ಹಳೇದಕ್ಕೇ ಕೆಚ್ಚಿಸ್ದೆ ನೋಡು, ಒಗ್ಗಲಿಲ್ಲ. ಪೂರ್ತಿ ಕತ್ತರಿಸಿ ಹೊಸದಾಗೇ ಪೋಣಿಸ್ಬೇಕು" ಎಂದು ಮತ್ತೆ ಸಾರಿಗೆ ಕೈ ಹಾಕಿದ. ಶಾಮಲಾಗೆ ಆ ಹಾಸಿನ ಮೇಲೆ ಕನಿಕರ. "ಇನ್ನೊಂದಿನ ನೋಡ್ಬೋದಿತ್ತು" ಎಂದಳು. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಹಳೇ ಹಾಸನ್ನು ಕತ್ತರಿಸಲು ಕೈ ಬರುವುದಿಲ್ಲ.

ಕೊನೆಯ ಪರಿಶೀಲನೆಯ ದಿನ ಬಂತು. ಇದನ್ನು ದಾಟಿದರೆ ಪ್ರಬಂಧ ಒಪ್ಪಿಸಬಹುದು. ದಾಟದಿದ್ದರೆ ಹೆಸರು ರದ್ದು, ಇಷ್ಟು ವರ್ಷದ ಕೆಲಸವೆಲ್ಲ ನೀರಿನಲ್ಲಿ ಹೋಮ. ಸಮಿತಿಯ ಅಧ್ಯಕ್ಷರು ಮೊದಲೇ ಷರತ್ತು ಹಾಕಿದ್ದರು. ಅಂಕಿಅಂಶ ತಾವೇ ತರುತ್ತಾರೆ, ಒಂದು ವರ್ಷದ್ದು. ಒಂದೇ ಕಂಪ್ಯೂಟರಿನಲ್ಲಿ ಮೊದಲು ಎಲ್ಲರೂ ಮಾಡುವ ದಾರಿಯಲ್ಲಿ ಲೆಕ್ಕ ಓಡಬೇಕು, ಆಮೇಲೆ ಶಾಮಲಾಳ ದಾರಿಯಲ್ಲಿ. ಅವಳದ್ದು ಬೇಗ ಮುಗಿಯಬೇಕು.

ನಾನೂ ರಜೆ ಹಾಕಿ ಜೊತೆಗೆ ಹೋದೆ. ಬಸ್ಸಿನಲ್ಲಿ ಶಾಮಲಾ ಕಿಟಕಿಯ ಪಕ್ಕ ಕೂತು ಸೀರೆಯ ಸೆರಗನ್ನು ಸುತ್ತುವುದು, ಬಿಚ್ಚುವುದು. ಯಲಹಂಕ ದಾಟಿದ ಮೇಲೆ, "ಆಗ್ಲಿಲ್ಲ ಅಂದ್ರೆ ಬೀದೀಲಿ ಹೆಂಗೆ ಮುಖ ತೋರ್ಸೋದೇ?" ಎಂದಳು. ಅಷ್ಟು ದಿನ ನಗುನಗುತ್ತಾ ಇದ್ದವಳ ಬಾಯಲ್ಲಿ ಆ ಮಾತು ಕೇಳಿ ನನಗೆ ಸಂಕಟವಾಯಿತು. "ಮುಖ ತೋರಿಸೋಕೆ ನೀನೇನು ಕದ್ದಿದ್ದೀಯಾ? ಸುಮ್ನಿರು" ಎಂದು ಗದರಿಸಿದೆ. ನನಗೆ ಸಮಾಧಾನ ಹೇಳುವುದು ಬರುವುದಿಲ್ಲ, ಗದರಿಸುವುದು ಬರುತ್ತದೆ.

ವಿಶ್ವವಿದ್ಯಾಲಯದಲ್ಲಿ ಶಾಮಲಾಳ ಮಾರ್ಗದರ್ಶಕರಾದ ವೆಂಕಟರಮಣಪ್ಪ ಮೇಷ್ಟ್ರು ಕಾಯುತ್ತಿದ್ದರು. ಹೊಸಕೋಟೆಯವರು, ಸಾಧು ಮನುಷ್ಯ. ಶಿಷ್ಯೆಗಿಂತ ಅವರೇ ಹೆಚ್ಚು ಹೆದರಿದ್ದರು. ಕನ್ನಡಕವನ್ನು ಒರೆಸಿ ಒರೆಸಿ ಅದರಲ್ಲಿ ಇನ್ನೇನೂ ಉಳಿದಿರಲಿಲ್ಲ. ಅಧ್ಯಕ್ಷರು ಗಟ್ಟಿ ದನಿಯ ಆಸಾಮಿ. ಕೆಟ್ಟವರಲ್ಲ, ಆದರೆ ಮಾತು ಮಾತ್ರ ಮೆಣಸಿನಕಾಯಿ.

ಮೊದಲು ಎಲ್ಲರ ದಾರಿಯ ಲೆಕ್ಕ ಓಡಿತು. ಪ್ರತಿ ತಿಂಗಳಿಗೂ ಹೊಸ ಹದ. ತುಂಬ ಹೊತ್ತು ಸುಮ್ಮನೆ ಕೂರುವುದು, ಆಮೇಲೆ ಒಂದಷ್ಟು ಟಿಕ್ ಟಿಕ್, ಮತ್ತೆ ಸುಮ್ಮನೆ. ಎರಡು ಸಲ ಕಾಫಿ ಆಯಿತು, ಊರ ಸಮಾಚಾರವೆಲ್ಲ ಆಯಿತು. ಅದು ಮುಗಿಯುವ ಹೊತ್ತಿಗೆ ಹೆಚ್ಚುಕಮ್ಮಿ ಒಂದು ಗಂಟೆಯಾಗಿತ್ತು.

ಆಮೇಲೆ ಶಾಮಲಾಳದ್ದು. ಜನವರಿಗೆ ಒಂದು ಸಲ ಹದ ಮಾಡಿಕೊಂಡು ಹೊರಟಿತು ನೋಡಿ! ಫೆಬ್ರವರಿ ಟಿಕ್ ಟಿಕ್ ಟಿಕ್ ಮುಗಿಯಿತು. ಮಾರ್ಚಿ ಮುಗಿಯಿತು. ಏಪ್ರಿಲ್ ಬರುವ ಹೊತ್ತಿಗೆ ಅಧ್ಯಕ್ಷರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಮೇ ಕಳೆಯಿತು. ವೆಂಕಟರಮಣಪ್ಪ ಮೇಷ್ಟ್ರು ಕನ್ನಡಕವನ್ನು ಮೂಗಿನ ಮೇಲೆ ಇಟ್ಟರು. ನಾನು ಮನಸ್ಸಿನಲ್ಲೇ ಪೇಡಾ ಹಂಚಿಬಿಟ್ಟಿದ್ದೆ.

ಜೂನ್ ಬಂತು. ಟಿಕ್ ಟಿಕ್ ಟಿಕ್ ಟಿಕ್. ನಿಲ್ಲಲಿಲ್ಲ. ಮೇಷ್ಟ್ರು ಶಾಮಲಾಳ ಮುಖ ನೋಡಿದರು, ಶಾಮಲಾ ಪರದೆಯನ್ನು ನೋಡಿದಳು. ಟಿಕ್ ಟಿಕ್ ಟಿಕ್ ಟಿಕ್. ಸಮಿತಿಯಲ್ಲಿದ್ದ ಇನ್ನೊಬ್ಬರು ಕೆಮ್ಮಿದರು. ಅಧ್ಯಕ್ಷರು ಕೈಗಡಿಯಾರ ನೋಡಿಕೊಂಡು, "ಏನಮ್ಮಾ, ನಿಮ್ಮ ಲೆಕ್ಕ ಜೂನಲ್ಲೇ ಸೈಟು ತಗೊಂಡು ಮನೆ ಕಟ್ಟೋ ಹಾಗಿದೆಯಲ್ಲಾ" ಎಂದರು. ಯಾರೋ ನಕ್ಕರು. ನನಗೆ ಅವರ ಜುಟ್ಟು ಹಿಡಿಯಬೇಕೆನಿಸಿತು, ಆದರೆ ಅವರ ತಲೆ ಬೋಳು.

"ಇದ್ಯಾವ ವರ್ಷದ್ದು ಸಾರ್?" ಎಂದಳು ಶಾಮಲಾ.

"ಮಳೆ ಚೆನ್ನಾಗಿ ಹೊಯ್ದ ವರ್ಷದ್ದು. ನಿಮ್ಮೂರಿನ ನಾಗರಕೆರೆ ತುಂಬಿತ್ತಲ್ಲಾ, ಆ ವರ್ಷ. ಬೇಕಂತಲೇ ತಂದೆ."

ಆಗ ಗುಟ್ಟು ಗೊತ್ತಾಯಿತು. ಶಾಮಲಾ ಇಷ್ಟು ವರ್ಷ ತನ್ನ ಲೆಕ್ಕವನ್ನು ಪರೀಕ್ಷೆ ಮಾಡಿದ್ದೆಲ್ಲ ಮಳೆ ಕೈಕೊಟ್ಟ ವರ್ಷಗಳ ಅಂಕಿಅಂಶದ ಮೇಲೆ. ಆ ವರ್ಷಗಳಲ್ಲಿ ಒಂದು ತಿಂಗಳಿಗೂ ಇನ್ನೊಂದು ತಿಂಗಳಿಗೂ ಅಂಥ ವ್ಯತ್ಯಾಸವೇನಿಲ್ಲ, ಹಳೇ ಹಾಸಿನ ಜೊತೆ ಹೊಸದು ಚೆನ್ನಾಗಿ ಕೂರುತ್ತಿತ್ತು. ಈ ಸಲ ಕೆರೆಯೇ ತುಂಬಿಬಿಟ್ಟಿದೆ. ನೀರು ಹರಿಯುವ ದಿಕ್ಕೇ ತಿರುಗಿದೆ, ಚೌಕ ಚೌಕಗಳ ಸಂಬಂಧವೇ ಬೇರೆಯಾಗಿದೆ. ಹಳೆಯ ಹದಕ್ಕೆ ಇದು ಎಲ್ಲಿ ಒಗ್ಗಬೇಕು? ನಮ್ಮ ಸೀಮೆಯಲ್ಲಿ ಕೆರೆ ತುಂಬುವುದನ್ನು ಲೆಕ್ಕಕ್ಕೆ ಹಿಡಿಯುವವರು ಯಾರಿದ್ದಾರೆ ಹೇಳಿ!

ಅತ್ತ ದರಿ, ಇತ್ತ ಪುಲಿ. ಹಾಗೇ ಬಿಟ್ಟರೆ ಜೂನ್ ಮುಗಿಯುವುದಿಲ್ಲ. ಹೊಸ ಹದ ಮಾಡಿದರೆ ಎಲ್ಲರ ದಾರಿಯನ್ನೇ ಹಿಡಿದಂತಾಗುತ್ತದೆ, ಹೊತ್ತೂ ಹೋಗುತ್ತದೆ. ಮೇಷ್ಟ್ರ ಕನ್ನಡಕ ಮತ್ತೆ ಕೈಗೆ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಶಾಮಲಾ ಕಂಪ್ಯೂಟರನ್ನೂ ಬೈಯಲಿಲ್ಲ, ಅಧ್ಯಕ್ಷರು ತಂದ ಅಂಕಿಅಂಶವನ್ನೂ ಬೈಯಲಿಲ್ಲ. ತಲೆಯನ್ನು ಒಂದು ಕಡೆ ವಾಲಿಸಿ ಕೂತಳು. ಆ ಭಂಗಿಯನ್ನು ನಾನು ನೋಡಿದ್ದೆ, ಅವಳ ಮನೆಯಲ್ಲಿ, ಮುದ್ದೆಯ ಮುಂದೆ. ಅವಳು ಪರದೆಯನ್ನು ನೋಡುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದಳು.

"ಎಳೆ ಕಿತ್ಕೊಳ್ತಾ ಇದೆ" ಎಂದಳು, ತನಗೆ ತಾನೇ ಎಂಬಂತೆ.

"ಏನಂದ್ರಿ?" ಎಂದರು ಅಧ್ಯಕ್ಷರು.

"ಹಾಸು ಬದಲಾಯಿಸ್ಬೇಕು ಸಾರ್." ಒಂದು ಗುಂಡಿ ಒತ್ತಿದಳು. ಟಿಕ್ ಟಿಕ್ ನಿಂತುಹೋಯಿತು. ಎರಡು ಸಾಲು ಏನೋ ಬರೆದಳು, ಜೂನ್‌ಗೆ ಹೊಸದಾಗಿ ಹದ ಮಾಡಲು ಹೇಳಿದಳು, ಕೈ ಕಟ್ಟಿ ಕೂತಳು. ಬರುವಾಗ ದಾರಿಯ ಆಂಜನೇಯನಿಗೆ ಹೊತ್ತ ಹರಕೆ ಸಾಲದೇನೋ ಎಂದು ಇನ್ನೊಂದನ್ನು ಹೊತ್ತೆ.

ಮತ್ತೆ ಸದ್ದು ಶುರುವಾಯಿತು. ಟಿಕ್ ಟಿಕ್ ಟಿಕ್, ಜೂನ್ ಮುಗಿಯಿತು. ಜುಲೈ ಅದೇ ಹದದಲ್ಲಿ ಸಲೀಸಾಗಿ ಹೋಯಿತು. ಆಗಸ್ಟ್, ಸೆಪ್ಟೆಂಬರ್. ಅಕ್ಟೋಬರಿನಲ್ಲಿ ಸದ್ದು ಕೊಂಚ ಎಳೆಯಿತು. ಮೇಷ್ಟ್ರು "ಬದಲಾಯಿಸಮ್ಮಾ, ಬದಲಾಯಿಸು" ಎಂದು ಕುರ್ಚಿಯಿಂದ ಅರ್ಧ ಎದ್ದರು. ಶಾಮಲಾ ಕೈ ಅಡ್ಡ ಹಿಡಿದು, "ಇನ್ನೂ ತಡೆಯುತ್ತೆ ಸಾರ್" ಎಂದಳು. ತಡೆಯಿತು. ನವೆಂಬರಿನಲ್ಲಿ ಇನ್ನೂ ಎಳೆಯಿತು. ಆಗ ಯಾರೂ ಹೇಳದೆ ತಾನೇ ನಿಲ್ಲಿಸಿ ಇನ್ನೊಂದು ಹದ ಮಾಡಿದಳು. ಡಿಸೆಂಬರ್ ಮುಗಿದಾಗ ಅಧ್ಯಕ್ಷರು ಗಡಿಯಾರ ನೋಡಿಕೊಂಡರು, ಪಕ್ಕದವರ ಗಡಿಯಾರವನ್ನೂ ಬಗ್ಗಿ ನೋಡಿದರು. ಜೂನಿನಲ್ಲಿ ದಂಡವಾದ ಹೊತ್ತನ್ನು ಸೇರಿಸಿಕೊಂಡೂ ಅರ್ಧ ಗಂಟೆ ದಾಟಿರಲಿಲ್ಲ.

ಅವರು ಕುರ್ಚಿಯನ್ನು ಶಾಮಲಾಳ ಕಡೆಗೆ ಎಳೆದುಕೊಂಡರು. ಆಮೇಲೆ ಕೇಳಿದರು. "ಅಕ್ಟೋಬರಲ್ಲಿ ಬೇಡ, ನವೆಂಬರಲ್ಲಿ ಬೇಕು ಅಂತ ಹೇಗಮ್ಮಾ ಗೊತ್ತಾಯ್ತು?"

"ಸದ್ದು ಕೇಳಿ ಸಾರ್."

"ಸದ್ದು ಕೇಳಿದೆ ಅಂತ ಪ್ರಬಂಧದಲ್ಲಿ ಬರೆಯೋಕಾಗುತ್ತೇನಮ್ಮಾ?"

"ಆಗುತ್ತೆ ಸಾರ್" ಎಂದಳು ಶಾಮಲಾ. ಅವಳ ದನಿಯಲ್ಲಿ ಈಗ ನಗು ಬಂದಿತ್ತು. "ಹಳೇ ಹದದಿಂದ ಜಾಸ್ತಿಯಾಗೋ ಟಿಕ್ಕುಗಳಿಗೆ ಹಿಡಿಯೋ ಹೊತ್ತು, ಹೊಸ ಹದ ಮಾಡೋ ಹೊತ್ತಿಗಿಂತ ಕಮ್ಮಿ ಇರೋವರೆಗೂ ಹಳೇದನ್ನ ಇಟ್ಕೋಬೇಕು. ಮೀರಿದ ತಕ್ಷಣ ಕತ್ತರಿಸ್ಬೇಕು. ನಾನು ಇಷ್ಟು ದಿನ ಇಟ್ಕೊಳ್ಳೋದನ್ನ ಮಾತ್ರ ಬರೆದಿದ್ದೆ, ಕತ್ತರಿಸೋದನ್ನ ಬರೆದಿರ್ಲಿಲ್ಲ. ಇನ್ಮೇಲೆ ಅದನ್ನ ಕಂಪ್ಯೂಟರ್ರೇ ಎಣಿಸ್ಕೊಂಡು ಮಾಡೋ ಹಾಗೆ ಬರೀತೀನಿ."

"ಬರೀರಿ" ಎಂದರು ಅಧ್ಯಕ್ಷರು. "ಅದೇ ನಿಮ್ಮ ಕೊನೇ ಅಧ್ಯಾಯ. ಬರೆದು ಒಪ್ಪಿಸಿ."

ಹೊರಗೆ ಬಂದ ಮೇಲೆ ವೆಂಕಟರಮಣಪ್ಪ ಮೇಷ್ಟ್ರು ಗೋಡೆಗೆ ಒರಗಿ ಒಂದು ಲೋಟ ನೀರು ಕುಡಿದರು. ಶಾಮಲಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅತ್ತಳು, ಅಳುತ್ತಲೇ ನಕ್ಕಳು. ನನಗೂ ಅಳು ಬಂತು. ಅಷ್ಟು ಸಂತೋಷವಾಗಿತ್ತು ನನಗೆ, ನನ್ನದೇ ಪದವಿ ಬಂದಾಗಲೂ ಅಷ್ಟಾಗಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಸಾಲೆದೋಸೆ ತಿಂದು, ಮೈಸೂರುಪಾಕು ಕಟ್ಟಿಸಿಕೊಂಡು ಊರಿಗೆ ಬಂದೆವು.

ಮನೆಯಲ್ಲಿ ವಿಷಯ ಹೇಳಿದಾಗ ರವಿಚಂದ್ರ ಬೀದಿಗೆಲ್ಲ ಕೇಳುವಂತೆ ಕೂಗಿದ, ಅಂದರೆ ಮಗ್ಗಗಳ ಸದ್ದಿನಲ್ಲಿ ನಮಗೆ ಅಷ್ಟಿಷ್ಟು ಕೇಳಿಸಿತು. ಮುನಿರತ್ನಮ್ಮ ಮೈಸೂರುಪಾಕು ಬಾಯಿಗೆ ಹಾಕಿಕೊಂಡು, "ಸದ್ಯ, ಮುಗೀತಲ್ಲ. ಇನ್ನಾದ್ರೂ ಆ ಡಬ್ಬಾನ ಮೂಲೆಗೆ ಹಾಕು" ಎಂದರು. ಅಷ್ಟೇ. ಶಾಮಲಾಗೆ ಕೊಂಚ ನೋವಾಯಿತೆಂದು ನನಗೆ ಗೊತ್ತು. ಅಮ್ಮ ಒಂದು ಸಲವಾದರೂ ತನ್ನ ಕೆಲಸದ ಕಡೆ ಕಿವಿ ಕೊಡಲಿ ಎಂಬ ಆಸೆ ಅವಳಿಗೆ ಒಳಗೊಳಗೇ ಇತ್ತು. ಅವಳು ಅದನ್ನು ಹೇಳಿಕೊಳ್ಳುವವಳಲ್ಲ.

ಪದವಿ ಬಂತು. ಸ್ಟಾಫ್ ರೂಮಿನಲ್ಲಿ ಅವಳ ಹೆಸರಿನ ಹಿಂದೆ ಡಾಕ್ಟರ್ ಸೇರಿತು. ಅದನ್ನು ನೋಡಿ ಜವಾನ ಆವಲಪ್ಪ ತನ್ನ ಮಂಡಿನೋವಿಗೆ ಔಷಧಿ ಕೇಳಿದ. ಡಬ್ಬ ಮಾತ್ರ ಮೂಲೆಗೆ ಹೋಗಲಿಲ್ಲ.

ಹೋದ ದಸರಾ ರಜೆಯಲ್ಲಿ ನಾನು ಅವರ ಮನೆಗೆ ಹೋಗಿದ್ದೆ. ಕೋಣೆಯಲ್ಲಿ ಕಂಪ್ಯೂಟರ್ ಓಡುತ್ತಿತ್ತು. ದೇವನಹಳ್ಳಿ, ಹೊಸಕೋಟೆಗಳನ್ನೂ ಸೇರಿಸಿ ಇನ್ನೂ ದೊಡ್ಡ ಲೆಕ್ಕ ಕಟ್ಟಿಕೊಂಡಿದ್ದಾಳೆ. ತಾನಾಗಿ ಹದ ಬದಲಾಯಿಸುವ ಭಾಗವನ್ನು ಅದಕ್ಕಿನ್ನೂ ಸೇರಿಸಿರಲಿಲ್ಲವಂತೆ. ಹಿಂದೆ ಮಗ್ಗಗಳ ಗದ್ದಲ, ಮುಂದೆ ನಮ್ಮಿಬ್ಬರ ಹರಟೆ. ನಮ್ಮ ಪ್ರಿನ್ಸಿಪಾಲರ ಹೊಸ ವಿಗ್ಗಿನ ವಿಷಯದಲ್ಲಿ ಮುಳುಗಿ ಹೋಗಿದ್ದ ನಮಗೆ ಟಿಕ್ ಟಿಕ್ ನಿಲ್ಲದೆ ಹೊಡೆದುಕೊಳ್ಳುತ್ತಿದ್ದದ್ದು ಗಮನಕ್ಕೇ ಬರಲಿಲ್ಲ. ಶಾಮಲಾಗೂ ಬರಲಿಲ್ಲ.

ಆಗ ಶೆಡ್ಡಿನ ಒಳಗಿನಿಂದ, ಅಷ್ಟೂ ಮಗ್ಗಗಳ ಸದ್ದನ್ನು ಸೀಳಿಕೊಂಡು ಮುನಿರತ್ನಮ್ಮನವರ ದನಿ ಬಂತು.

"ಲೇ ಶಾಮೂ, ಎಷ್ಟೊತ್ತಿಂದ ಹೊಡ್ಕೊಳ್ತಾ ಇದೆ ನಿನ್ನ ಡಬ್ಬ, ಕೇಳ್ಸಲ್ವೇನೇ? ಹಾಸು ಬದಲಾಯ್ಸೇ!"

ಶಾಮಲಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅವಳು ಕಣ್ಣು ಒರೆಸಿಕೊಂಡು, "ಬದಲಾಯಿಸ್ದೆ ಕಣಮ್ಮಾ" ಎಂದು ಕೂಗಿ, ಎದ್ದು ಹೋಗಿ ಗುಂಡಿ ಒತ್ತಿದಳು.